ಯಾರ ಪೈಕಿ ಎಂದು ಕೇಳುವ ರತ್ನಾಬಾಯಿ

ರತ್ನಾಬಾಯಿಯವರು ಯಾರನ್ನಾದರೂ ಆರಾಮಿದ್ದೀಯಾ ಎಂದು ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಎದುರು ಬಂದವರ ಮಣಿಕಟ್ಟನ್ನು ನಾಡಿ ನೋಡುವ ವೈದ್ಯರ ಹಾಗೆ ಹಿಡಿದುಕೊಂಡು ಅವರು ಕೇಳುವುದು ಒಂದೇ ಪ್ರಶ್ನೆ: “ನೀ ಯಾರ ಪೈಕಿ?” ಉತ್ತರ ಮೂರು ತಲೆಮಾರು ಹಿಂದಕ್ಕೆ ಹೋಗುವ ತನಕ ಹಿಡಿದ ಕೈ ಬಿಡುವುದಿಲ್ಲ. ಹದಿಮೂರು ವರ್ಷಗಳ ಹಿಂದೆ, ಅವರ ಅಣ್ಣನ ಮಗಳು ಅಮೂಲ್ಯಾಳನ್ನು ಮದುವೆಯಾದ ಹೊಸದರಲ್ಲಿ, ನಾನು ಮೈಸೂರಿನವನ ಠೀವಿಯಿಂದ ನನ್ನ ಕಂಪನಿಯ ಹೆಸರನ್ನೂ ಹುದ್ದೆಯನ್ನೂ ಹೇಳಿದ್ದೆ. “ಅದು ನೀ ಎಲ್ಲಿ ದುಡೀತಿ ಅನ್ನೂದಾತು. ಮುತ್ತ್ಯಾನ ಮುತ್ತ್ಯಾನ ಹೆಸರು ಹೇಳು,” ಎಂದರು. ಅಜ್ಜನ ತನಕ ಹೇಗೋ ಹೋದೆ, ಅಲ್ಲಿಂದಾಚೆಗೆ ಬೆಬ್ಬೆಬ್ಬೆ. ಆ ತಡವರಿಕೆಯನ್ನು ಅವರು ಇಂದಿಗೂ ಕ್ಷಮಿಸಿಲ್ಲ.

ವಯಸ್ಸು ಎಪ್ಪತ್ತಮೂರು. ಗಿಡ್ಡ ದೇಹ; ಬಲಗಾಲನ್ನು ತುಸು ಎಳೆಯುತ್ತ, ಆದರೂ ಜೊತೆಗಿದ್ದವರಿಗಿಂತ ಎರಡು ಹೆಜ್ಜೆ ಮುಂದೆಯೇ ಇರುವ ನಡಿಗೆ. ಇಳಕಲ್ ಸೀರೆಯ ಮೇಲೆ ದಿವಂಗತ ಪತಿಯ ಬೂದುಬಣ್ಣದ ಉಣ್ಣೆಯ ಕೋಟು, ಕತ್ತಿನವರೆಗೂ ಗುಂಡಿ. ಲಂಡನ್ನಿನ ಜುಲೈ ತಿಂಗಳ ಸೆಕೆಯಲ್ಲಿಯೂ, ಮನೆಯೊಳಗೂ, ಊಟಕ್ಕೆ ಕುಳಿತಾಗಲೂ ಆ ಕೋಟು ಮೈಮೇಲಿಂದ ಇಳಿಯದು. ಇಲ್ಲಿನ ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಕಾರ್ಖಾನೆಯ ಶೀತಲ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು ಅವರು. “ಆ ಥಂಡಿ ಇನ್ನೂ ಎಲುಬಿನ್ಯಾಗ ಐತಿ ನೋಡು,” ಎನ್ನುತ್ತಾರೆ. ಆ ಕೋಣೆಯೊಳಕ್ಕೆ ಕಾಗದ ಒಯ್ಯುವಂತಿರಲಿಲ್ಲ, ಫೋನು ಒಯ್ಯುವಂತಿರಲಿಲ್ಲ. ಹೀಗಾಗಿ ಬ್ರೆಡ್ಡಿನ ಮೇಲೆ ಸೌತೆಕಾಯಿ ಜೋಡಿಸುತ್ತ ತಮ್ಮ ಕರಿಕಟ್ಟಿ ಮನೆತನದ ಒಂಬತ್ತು ತಲೆಮಾರಿನ ಹೆಸರುಗಳನ್ನು, ಮೂಲಪುರುಷ ಮಲ್ಲಪ್ಪನಿಂದ ಹಿಡಿದು ತಮ್ಮ ಅಣ್ಣತಮ್ಮಂದಿರವರೆಗೆ, ದಿನಕ್ಕೊಂದಾವರ್ತಿ ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು. ಮೇಲ್ವಿಚಾರಕ ಅದನ್ನು ಪ್ರಾರ್ಥನೆಯೆಂದು ಭಾವಿಸಿ ರೇಡಿಯೋದ ಸದ್ದು ತಗ್ಗಿಸುತ್ತಿದ್ದನಂತೆ, ಪಾಪ.

ಆ ಹೆಸರುಗಳು ಬಂದದ್ದು ಹೆಳವನಿಂದ. ವಿಜಯಪುರದ ಕಡೆ ಹೆಳವನೆಂದರೆ ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿಟ್ಟುಕೊಂಡು ಊರೂರು ತಿರುಗುವವ. ಮನೆಯ ಮುಂದೆ ಕುಳಿತು ಹಿರಿಯರ ಹೆಸರುಗಳನ್ನು ಓದಿ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರನ್ನು ಕೇಳಿ ಬರೆದುಕೊಳ್ಳುತ್ತಾನೆ. ಬಾಲ್ಯದಲ್ಲಿ ಕಂಬಕ್ಕೊರಗಿ ಕೇಳಿದ್ದನ್ನು ರತ್ನಾಬಾಯಿ ಲಂಡನ್ನಿಗೆ ತಂದರು. ಪ್ರತಿ ಆಗಸ್ಟಿನ ಬ್ಯಾಂಕ್ ಹಾಲಿಡೇ ರಜೆಯ ದಿನ ಪಶ್ಚಿಮ ಲಂಡನ್ನಿನ ಹೇಸ್‌ನ ಒಂದು ಬಾಡಿಗೆ ಸಭಾಂಗಣದಲ್ಲಿ ಈ ನಾಡಿನ ಕರಿಕಟ್ಟಿ ಮಂದಿಯೆಲ್ಲ ಕೂಡುತ್ತಾರೆ. ರತ್ನಾಬಾಯಿ ನಿಂತು ಹೆಸರು ಹೇಳಿ ಮುಗಿಸುವ ತನಕ ಜೋಳದ ರೊಟ್ಟಿಯ ಡಬ್ಬಿಯ ಮುಚ್ಚಳ ತೆರೆಯುವಂತಿಲ್ಲ.

ಹೋದ ವರ್ಷ ಈ ಕೂಟ ನಡೆಸುವ ಸಂಘದ ಕಾರ್ಯದರ್ಶಿ, ನನ್ನ ಭಾವಮೈದ ಸಂಗಮೇಶ, ಊರಿಗೆ ಹೋದಾಗ ಹೆಳವನ ಪುಸ್ತಕದ ಫೋಟೋ ತೆಗೆದು ತಂದು, ಗೋಡೆಯಗಲದ ವಂಶವೃಕ್ಷವನ್ನೇ ಅಚ್ಚು ಹಾಕಿಸಿ ತೂಗುಹಾಕಿದ. ಎಲ್ಲರಿಗೂ ಸಂಭ್ರಮ. ನನ್ನ ಒಂಬತ್ತು ವರ್ಷದ ಮಗಳು ಸಾನ್ವಿ ಬೇರಿನಿಂದ ತುದಿಯವರೆಗೂ ಬೆರಳಿಟ್ಟು ಹುಡುಕಿ, ತನ್ನ ಇಂಗ್ಲಿಷಿನಲ್ಲಿ ಕೇಳಿದಳು: “ವೇರ್ ಆಮ್ ಐ, ಅಜ್ಜಿ?” ಅವಳಿರಲಿಲ್ಲ. ಅವಳ ತಾಯಿಯೂ ಇರಲಿಲ್ಲ. ಹೆಳವ ಗಂಡುಮಕ್ಕಳನ್ನಷ್ಟೇ ಬರೆದುಕೊಂಡಿದ್ದ. ರತ್ನಾಬಾಯಿ ಕನ್ನಡಕ ಏರಿಸಿ ತಮ್ಮ ತಂದೆಯ ಹೆಸರಿನ ಕೆಳಗೆ ನೋಡಿದರು: ಮೂವರು ಗಂಡುಮಕ್ಕಳು, ಅವರ ಪಕ್ಕದಲ್ಲಿ ಖಾಲಿ ಜಾಗ. ಆ ದಿನ ಅವರು ಹೆಸರು ಹೇಳಲಿಲ್ಲ, ಉಣ್ಣಲೂ ಇಲ್ಲ.

ವಾರದೊಳಗೆ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿಗೆ ಟ್ರಾಮ್ ಹಿಡಿದು ಬಂದರು. ಲಿಫ್ಟ್ ಕೆಟ್ಟಿತ್ತು, ಐದು ಮಹಡಿಯನ್ನು ಕೋಟಿನ ಸಮೇತ ಹತ್ತಿ, ಏದುಸಿರು ಬಿಡುತ್ತಲೇ ನೋಟ್‌ಬುಕ್ ತೆರೆದು ಅಮೂಲ್ಯಾಳ ಹೆಸರನ್ನೂ ಸಾನ್ವಿಯ ಹೆಸರನ್ನೂ ಬರೆದುಕೊಂಡರು. ಆಮೇಲೆ ಒಮ್ಮೆಲೇ ಅತ್ತುಬಿಟ್ಟರು. ಅವರಿಗೊಬ್ಬ ತಂಗಿಯಿದ್ದಳಂತೆ, ಶಾಂತವ್ವ. ಒಂಬತ್ತನೆಯ ವಯಸ್ಸಿಗೆ ವಿಷಮಜ್ವರದಲ್ಲಿ ಹೋದಳು. ಒಂದು ಫೋಟೋ ಸಹ ಇಲ್ಲ. ಅವಳನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವರು ಇವರೊಬ್ಬರೇ. “ಇಪ್ಪತ್ತೆರಡು ವರ್ಷ ದಿನಾ ಎಲ್ಲಾರ ಹೆಸರು ಹೇಳಿದೆ,” ಎಂದರು. “ನನ್ನ ತಂಗೀ ಹೆಸರು ಒಂದ ದಿನಾನೂ ಹೇಳಲಿಲ್ಲ. ನಾ ಸತ್ತರ ಆಕಿ ಹುಟ್ಟೇ ಇಲ್ಲ ಅಂತ ಆಗತೈತಿ.”

ಇಡೀ ವರ್ಷ ಅವರು ಬಸ್ಸು, ಟ್ಯೂಬ್ ರೈಲು, ಫೋನುಗಳ ಮೂಲಕ ಹೆಣ್ಣುಮಕ್ಕಳನ್ನು ಹುಡುಕಿದರು. ಅರವತ್ತೊಂದು ಹೆಸರು ಕೂಡಿದವು. ಸಂಗಮೇಶ ಮಾತ್ರ ಒಪ್ಪಲಿಲ್ಲ. “ಹೆಳವನ ಪುಸ್ತಕ ತಿದ್ದಾಕ ನಾವು ಯಾರು ಅತ್ತಿ? ಹೆಣ್ಮಕ್ಕಳನ್ನ ಸೇರಿಸಿದ್ರ ಮಂದೀ ಮನೆತನಾನೂ ಒಳಗ ಬರತಾವು. ಗಿಡ ಹೋಗಿ ಅಡವಿ ಆಗತೈತಿ,” ಎಂದ.

“ಆಗಲಿ ಬಿಡು. ಅಡವ್ಯಾಗ ಗಿಡ ಇರೂದಿಲ್ಲೇನು?” ಎಂದರು ರತ್ನಾಬಾಯಿ. “ನಿನಗ ಇರಾಕಿ ಒಬ್ಬಾಕಿ ಮಗಳು ಅಂಕಿತಾ. ನಿನ್ನ ಚಾರ್ಟಿನ್ಯಾಗ ಆಕಿ ಎಲ್ಲಿ ಅದಾಳ?” ಅವನು ಎದ್ದು ಹೋದ.

ಈ ಆಗಸ್ಟಿನಲ್ಲಿ ಸಂಗಮೇಶ ಹೆಳವನನ್ನೇ ವಿಡಿಯೋ ಕಾಲ್‌ನಲ್ಲಿ ಕರೆತಂದು ಸಭಾಂಗಣದ ಪರದೆಯ ಮೇಲೆ ಕೂರಿಸಿದ್ದ. ಪುಸ್ತಕದವನೇ ಓದಿದರೆ ತಕರಾರು ಮುಗಿಯಿತೆಂದು ಅವನ ಲೆಕ್ಕಾಚಾರ. ಹೆಳವ ರಾಗವಾಗಿ ಓದುತ್ತ ರತ್ನಾಬಾಯಿಯ ತಂದೆಯ ಹೆಸರಿಗೆ ಬಂದು, “ಇವರಿಗೆ ಗಂಡುಮಕ್ಕಳು ಮೂವರು,” ಎಂದ. ಕೋಟು ಎದ್ದು ನಿಂತಿತು. “ನಿಲ್ಲೋ ಯಪ್ಪಾ! ಹೆಣ್ಮಕ್ಕಳು ಇಬ್ಬರು. ಯಾಕ ಬರದಿಲ್ಲ?”

ಹೆಳವ ಗಲಿಬಿಲಿಗೊಳ್ಳಲಿಲ್ಲ. “ಯವ್ವಾ, ಹೇಳಿದ್ದು ಬರಿಯೂದು ನನ್ನ ಕೆಲಸ. ನಿಮ್ಮ ಮನ್ಯಾಗ ಯಾರೂ ಹೇಳಲಿಲ್ಲ. ಈಗ ಮನೀ ಹಿರೇರು ಹೇಳಿದ್ರ ಬರಕೋತೀನಿ,” ಎಂದ.

ಎಲ್ಲರೂ ಸಂಗಮೇಶನ ಮುಖ ನೋಡಿದರು. ಅವನು ಮಗಳ ಕಡೆ ಒಮ್ಮೆ ನೋಡಿ, ಮೈಕನ್ನು ತಂದು ಅತ್ತೆಯ ಕೈಗಿಟ್ಟು, “ಹಿರೇರು ಇವರ,” ಎಂದ.

“ಶಾಂತವ್ವ,” ಎಂದರು ರತ್ನಾಬಾಯಿ. ಪೆನ್ನು ಓಡುವುದು ಪರದೆಯ ಮೇಲೆ ಕಂಡಿತು. “ನಿಮ್ಮ ಹೆಸರು ಯವ್ವಾ?” ಎಂದು ಅವನು ಕೇಳಿದ. “ನಂದು ಕಡೀಕ ಬರಕೋ. ನಾ ಹೇಳಾಕ ಇನ್ನೂ ಅದೀನಲ್ಲ!” ಎಂದು ನೋಟ್‌ಬುಕ್ ಬಿಡಿಸಿ ಅರವತ್ತೊಂದು ಹೆಸರುಗಳನ್ನೂ ನಿಂತೇ ಓದಿದರು. ರೊಟ್ಟಿಯ ಡಬ್ಬಿ ತೆರೆದಾಗ ಮಧ್ಯಾಹ್ನ ಮೂರೂವರೆ. ಯಾರೂ ಗೊಣಗಲಿಲ್ಲ.

ಒಂದೊಂದು ಮನೆತನಕ್ಕೂ ಇಂಥವರೊಬ್ಬರು ಇರುತ್ತಾರೆ. ಊಟ ತಡಮಾಡಿಸುತ್ತಾರೆ, ಸತ್ತವರ ಹೆಸರು ಹೇಳಿ ಬದುಕಿರುವವರ ತಲೆ ತಿನ್ನುತ್ತಾರೆ, ಹಟಮಾರಿಗಳೆನಿಸಿಕೊಳ್ಳುತ್ತಾರೆ. ಜೀವಮಾನವಿಡೀ ತಪ್ಪದೆ ಒಪ್ಪಿಸಿದ ಪಾಠದಲ್ಲಿಯೇ ತಪ್ಪಿತ್ತೆಂದು ಇಳಿವಯಸ್ಸಿನಲ್ಲಿ ತಿಳಿದಾಗ, ಅದನ್ನು ಹತ್ತು ಜನರೆದುರು ತಿದ್ದಿಸುವ ಛಲವೂ ಅವರಿಗೇ ಇರುತ್ತದೆ. ಅಂಥವರಿಲ್ಲದ ಮನೆಗಳ ಗತಿಯೂ ನನಗೀಗ ಗೊತ್ತು. ಮೊನ್ನೆ ಮೈಸೂರಿಗೆ ಫೋನ್ ಮಾಡಿ ನಮ್ಮವರನ್ನೆಲ್ಲ ವಿಚಾರಿಸಿದೆ. ಮುತ್ತಜ್ಜನ ಹೆಸರು ಸಿಕ್ಕಿತು. ಮುತ್ತಜ್ಜಿಯ ಹೆಸರು ಹೇಳುವವರು ಯಾರೂ ಉಳಿದಿರಲಿಲ್ಲ.