ಮೌಲಾನಾರ ದನಿ ಹೊತ್ತ ಟ್ಯಾಬ್

ನಾನು ಒಂದು ಟ್ಯಾಬ್. ದೊಡ್ಡ ಕಾರ್ಖಾನೆಯೊಂದರಲ್ಲಿ, ಬಿಳಿ ಕೈಗವಸು ತೊಟ್ಟ ಹುಡುಗಿಯರ ನಡುವೆ ಹುಟ್ಟಿದೆ. ಮೊದಲು ನನ್ನನ್ನು ಕೊಂಡವಳು ಗಂಗಾವತಿಯ ನರ್ಸಿಂಗ್ ವಿದ್ಯಾರ್ಥಿನಿ ತಸ್ಕೀನಾ. ಓದು ಮುಗಿದ ಮೇಲೆ ನನ್ನನ್ನು ಒರೆಸಿ, ಚಿಕ್ಕಂದಿನಲ್ಲಿ ತಾನು ಕಲಿತ ಮದರಸಾಕ್ಕೆ ಕೊಟ್ಟಳು. ಹಾಗೆ ನಾನು ಮೌಲಾನಾ ಜಹೂರುದ್ದೀನರ ತೊಡೆ ಏರಿದೆ.

ಮೌಲಾನಾರು ಒಳ್ಳೆಯ ಮೇಷ್ಟ್ರು. ನನ್ನ ಪರದೆಯ ಮೇಲೆ ಅರಬಿ ಅಕ್ಷರಗಳನ್ನು ದೊಡ್ಡದಾಗಿ ಮೂಡಿಸಿ ಕಲಿಸುವರು. ನೆರೆಯವರು ಯಾವ ಧರ್ಮದವರೇ ಆಗಲಿ, ಅವರು ಹಸಿದಿದ್ದರೆ ನಮ್ಮ ಊಟಕ್ಕೆ ಬರಕತ್ತಿಲ್ಲ, ದೇವರ ಕೃಪೆಯಿಲ್ಲ, ಕಿವಿಗೆ ಬಿದ್ದ ಸುದ್ದಿಯನ್ನು ವಿಚಾರಿಸದೆ ಹಬ್ಬಿಸುವುದು ಪಾಪ ಎನ್ನುವರು. ಆ ಪಾಠಗಳನ್ನು ನನ್ನಿಂದಲೇ ಮನೆಮನೆಯ ಫೋನುಗಳಿಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸುವರು. ಓಣಿಯಲ್ಲಿ ಅವರ ದನಿ ಕೇಳದ ಮನೆಯಿರಲಿಲ್ಲ.

ಒಂದು ಮುಂಜಾನೆ ಮಸೀದಿಯ ಮೈಕಿನ ತಂತಿ ತುಂಡಾಗಿ ನೇತಾಡುತ್ತಿತ್ತು. ಪಕ್ಕದ ಹಿಟ್ಟಿನ ಗಿರಣಿಯ ಗುರುಶಾಂತವ್ವನೇ ಕತ್ತರಿಸಿದ್ದು ಎಂದು ಯಾರೋ ಓಣಿಯವರ ವಾಟ್ಸಾಪ್ ಗ್ರೂಪಿಗೆ ಬರೆದು ಹಾಕಿದರು. ಸದ್ದು ಜಾಸ್ತಿಯಾಯಿತೆಂದು ಅವಳು ಹಿಂದೊಮ್ಮೆ ಗೊಣಗಿದ್ದು ಮೌಲಾನಾರಿಗೆ ನೆನಪಾಯಿತು. ಸಿಟ್ಟು ನೆತ್ತಿಗೇರಿತು. ನನ್ನನ್ನು ಬಾಯಿಯ ಹತ್ತಿರ ಹಿಡಿದು, ತಂತಿ ಕತ್ತರಿಸಿದವಳು ಅವಳೇ, ಅವಳ ಗಿರಣಿಯ ಮೆಟ್ಟಿಲು ಯಾರೂ ಹತ್ತಬೇಡಿ ಎಂದರು. ನಾನು ಕಳಿಸಿದೆ. ಕಳಿಸುವುದಷ್ಟೇ ನನಗೆ ಗೊತ್ತು.

ಅಂದಿನಿಂದ ಓಣಿಯ ಹೆಂಗಸರು ಜೋಳದ ಡಬ್ಬಿ ಹೊತ್ತು ದೂರದ ಗಿರಣಿಗೆ ನಡೆದರು. ಕೆಲವು ದಿನ ಕಳೆದು ಹೊಸ ತಂತಿ ಎಳೆದರೆ, ಎಲ್ಲರ ಕಣ್ಣೆದುರಿಗೇ ಮಂಗವೊಂದು ಅದಕ್ಕೆ ಜೋತುಬಿದ್ದು ಕಿತ್ತುಹಾಕಿತು. ಜನ ನಕ್ಕರು. ಮೌಲಾನಾರ ಮುಖ ಮಾತ್ರ ಬಾಡಿಹೋಯಿತು. ಒಳಗೆ ಬಂದು ನನ್ನಲ್ಲಿದ್ದ ಆ ಮಾತನ್ನು ಅಳಿಸಲು ಹೋದರು. ಅದು ಆಗಲೇ ಎಷ್ಟೋ ಫೋನು ದಾಟಿತ್ತು. ಬೆರಳು ಹಿಂದೆಗೆದರು.

ಅಂದೇ ಮಧ್ಯಾಹ್ನ ನನ್ನನ್ನು ಕಂಕುಳಲ್ಲಿಟ್ಟು, ಜೋಳದ ಚೀಲ ಹೆಗಲಿಗೇರಿಸಿ, ಓಣಿಯೆಲ್ಲ ನೋಡುವಂತೆ ಗಿರಣಿಗೆ ಹೋದರು.

"ತಪ್ಪಾತು, ಅವ್ವಾ," ಎಂದರು. ಚೀಲವನ್ನು ಅವಳ ಮುಂದೆ ಇಳಿಸಿದರು.

ಗುರುಶಾಂತವ್ವ ಚೀಲ ಬಿಚ್ಚಿ ಜೋಳ ಸುರುವಿದಳು. "ಬ್ಯಾರೆ ಯಾರರೆ ಅಂದಿದ್ರ ಜನ ನಂಬತಿರಲಿಲ್ರಿ, ಮೌಲಾನಾರ," ಎಂದಳು. "ನಿಮ್ಮ ದನಿ ಅಂತ ನಂಬಿದ್ರು."

ಹಿಟ್ಟಿನ ಧೂಳು ಗಡ್ಡದ ಮೇಲೆ ಕೂತರೂ ಅವರು ಒರೆಸಿಕೊಳ್ಳಲಿಲ್ಲ. ಬೀಸಿ ಮುಗಿಯುವವರೆಗೂ ನೆಲ ನೋಡುತ್ತ ನಿಂತಿದ್ದರು.

ಮರುದಿನ ತರಗತಿಯಲ್ಲಿ ಆ ಮೆಸೇಜನ್ನೇ ಮಕ್ಕಳಿಗೆ ಕೇಳಿಸಿದರು. ಇದು ನನ್ನ ಮಾತು, ಇದು ಸುಳ್ಳು ಎಂದರು. ಅಳಿಸಿಬಿಡಿ, ಮದರಸಾದ ಮರ್ಯಾದೆ ಹೋಗುತ್ತದೆ ಎಂದು ಹಿರಿಯರು ಹೇಳಿ ನೋಡಿದರು, ಅವರು ಒಪ್ಪಲಿಲ್ಲ. ಕೆಲವು ಮನೆಯವರು ಗಿರಣಿಗೆ ಮರಳಿದರು, ಕೆಲವರು ಮರಳಲೇ ಇಲ್ಲ.

ಈಗ ನನ್ನ ಪರದೆ ಅರ್ಧ ಕಪ್ಪಾಗಿದೆ. ಪಾಠಕ್ಕೆ ಹೊಸ ಟ್ಯಾಬ್ ಬಂದಿದೆ. ನಾನು ಗೋಡೆಯ ಗೂಡಿನಲ್ಲಿ ಮಲಗಿರುತ್ತೇನೆ. ಹೊಸ ಮಕ್ಕಳು ಸೇರಿದಾಗ ಮಾತ್ರ ಕೆಳಗಿಳಿಸಿ ಆ ದನಿ ಕೇಳಿಸುತ್ತಾರೆ. ಹೊತ್ತೊಯ್ದವನಿಗೇನು ಪಾಪ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಮೌಲಾನಾರು ಮಕ್ಕಳ ನಡುವೆ ಚಾಪೆಯ ಮೇಲೆ, ತಾವೂ ಕಲಿಯಲು ಬಂದವರ ಹಾಗೆ ತಲೆ ತಗ್ಗಿಸಿ ಕೂತಾಗ, ಆ ಸಮಾಧಾನ ನಿಲ್ಲುವುದಿಲ್ಲ.