ಕೊಕ್ಕು ಮುಚ್ಚಿದ ಹಾವುಮೀನು

ಅಪ್ಪ ಮೀನಿನ ಕೊಕ್ಕು ಮುಚ್ಚಿಬಿಟ್ಟಿದ್ದರು. ನೋಡಿ ನನಗೆ ಮೈಯೆಲ್ಲ ಉರಿಯಿತು.

ವಸ್ತುಸಂಗ್ರಹಾಲಯಗಳಿಗೆ ಮೇಣದ ಮೀನು ಮಾಡಿಕೊಡುವುದು ನಮ್ಮ ಮನೆಯ ಕಸುಬು. ಕೆಳಗೆ ಕೆಲಸದ ಕೋಣೆ, ಮಹಡಿ ಮೇಲೆ ಮನೆ. ಈ ಸಲ ಕೇಳಿದ್ದು ಆಳಸಮುದ್ರದ ಕೊಕ್ಕಿನ ಹಾವುಮೀನುಗಳ ಕುಟುಂಬ. ದಾರದಂಥ ಮೈ, ಎಲ್ಲಿ ಮುಗಿಯುತ್ತದೆಂದೇ ತಿಳಿಯದ ಬಾಲ. ಗಾಜಿನ ಪೆಟ್ಟಿಗೆ ಮಾಡುವ ಬಡಗಿ ಅಳತೆ ಕೇಳಿ ಹಣೆ ಚಚ್ಚಿಕೊಂಡಿದ್ದ: "ಇದು ಮೀನೋ, ಬಟ್ಟೆ ಒಣಗಿಸೋ ಹಗ್ಗಾನೋ?" ಆದರೆ ಅದರ ಚೆಂದವೆಲ್ಲ ಇರುವುದು ಕೊಕ್ಕಿನಲ್ಲಿ. ಮೇಲಿನ ದವಡೆ ಮೇಲಕ್ಕೆ, ಕೆಳಗಿನದು ಕೆಳಕ್ಕೆ ಬಾಗಿರುತ್ತವೆ. ತುದಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.

ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ, ನನಗೆ ಕಲಿಸಿದವರೇ ಅವರು. ಆದರೆ ಚಳಿ ಶುರುವಾದಾಗ ಲಕ್ವ ಹೊಡೆದು ಅವರ ಮುಖದ ಎಡಭಾಗ ಜೋತುಬಿತ್ತು. ತುಟಿ ಕೂಡುವುದಿಲ್ಲ, ಜೊಲ್ಲು ನಿಲ್ಲುವುದಿಲ್ಲ. ಅಂದಿನಿಂದ ಜನರೆದುರು ಬಾಯಿಗೆ ಕರವಸ್ತ್ರ ಹಿಡಿದೇ ಇರುತ್ತಾರೆ. ಊಟಕ್ಕೆ ಗೋಡೆಯ ಕಡೆ ಮುಖ ಮಾಡಿ ಕೂತು, ನಾಲ್ಕು ತುತ್ತು ತಿಂದ ಶಾಸ್ತ್ರ ಮಾಡಿ ಎದ್ದುಬಿಡುತ್ತಾರೆ. ಅಮ್ಮ ಅವರ ಅಂಗಿಗಳನ್ನೆಲ್ಲ ಬಿಗಿ ಮಾಡಿ ಹೊಲಿದಾಯಿತು, ಈಗ ಅವೂ ಸಡಿಲ. ನನಗೆ ಭಯವಾಗಿತ್ತು, ಭಯವಾದರೆ ನಾನು ಸಿಡುಕುತ್ತೇನೆ.

"ಏನಪ್ಪಾ ಇದು?"

"ಹೀಗೇ ಚೆನ್ನಾಗಿ ಕಾಣುತ್ತೆ ಬಿಡು," ಎಂದರು ಕರವಸ್ತ್ರದ ಒಳಗಿಂದ. "ಬಾಯಿ ತೆರ್ಕೊಂಡೇ ಇದ್ರೆ ನೋಡೋರು ನಗ್ತಾರೆ."

"ನಗ್ಲಿ! ಸೀಗಡಿ ಮೀಸೆ ಸಿಕ್ಕಿಹಾಕ್ಕೊಳ್ಳೋದೇ ಆ ತೆರೆದ ಕೊಕ್ಕಲ್ಲಿ ಅಂತ ಹೇಳ್ಕೊಟ್ಟೋರು ಯಾರು? ಮುಚ್ಚಿಬಿಟ್ರೆ ಅದು ಏನು ತಿನ್ನುತ್ತೆ? ಉಪವಾಸ ಬಿದ್ದು ಸಾಯುತ್ತೆ ಅಪ್ಪಾ!"

ಮೀನಿನ ಮಾತು ಎಲ್ಲಿ ಮುಗಿಯಿತೋ ನನಗೇ ತಿಳಿಯಲಿಲ್ಲ.

ಅಪ್ಪ ಚೂರಿಯನ್ನು ದೀಪಕ್ಕೆ ಹಿಡಿದು ಕಾಯಿಸಿ, ದವಡೆಗಳ ನಡುವೆ ನಿಧಾನವಾಗಿ ಎಳೆದರು. ಮೇಣ ಬಿಟ್ಟುಕೊಂಡಿತು. ಒಂದನ್ನು ಮೇಲಕ್ಕೆ, ಒಂದನ್ನು ಕೆಳಕ್ಕೆ ಬಗ್ಗಿಸಿ, ಗಟ್ಟಿಯಾಗುವ ತನಕ ಎರಡೂ ಕೈಯಲ್ಲಿ ಹಿಡಿದು ನಿಂತರು. ಕರವಸ್ತ್ರ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಜೊಲ್ಲು ಮೇಜಿನ ಮೇಲೆ ಬಿತ್ತು. ಅವರು ಒರೆಸಲಿಲ್ಲ, ನಾನೂ ಮುಖ ತಿರುಗಿಸಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ ಕುರ್ಚಿ ತಿರುಗಿಸಿ ನಮ್ಮೆದುರು ಕೂತರು. ಸೂಪು ಗಲ್ಲದಿಂದ ಅಂಗಿಯ ಮೇಲೆ ಇಳಿಯಿತು. ಅಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಅಪ್ಪ ಖಾಲಿ ಬಟ್ಟಲನ್ನು ಅವಳ ಕಡೆ ತಳ್ಳಿದರು.

"ಏನ್ ನೋಡ್ತೀಯ? ಇನ್ನೊಂದು ಸೌಟು ಹಾಕೇ."