ಗಾಜಿನ ಮೇಲಿನ ಮಂಗಳ

ನಮ್ಮ ಯಜಮಾನರು ವಿಠಲರಾಯರು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುತ್ತಿದ್ದವರು. ನಿವೃತ್ತರಾದ ಮೇಲೆ ಅಳೆಯಲು ಏನೂ ಸಿಗದೆ ಮಂಗಳ ಗ್ರಹಕ್ಕೆ ಗಂಟುಬಿದ್ದರು. ಪಾಪ, ಗ್ರಹಕ್ಕೆ ದೂರು ಹೇಳಿಕೊಳ್ಳಲು ಯಾರೂ ಇರಲಿಲ್ಲ. ನನಗೂ ಇರಲಿಲ್ಲ.

ತಾರಸಿಯ ಕಟ್ಟೆಯ ಮೇಲೆ ಹಳೆಯ ಕಿಟಕಿಯ ಗಾಜು, ಅದರೆದುರು ಒಂದು ಇಟ್ಟಿಗೆ. ಇಟ್ಟಿಗೆಯ ಮೇಲೆ ಗದ್ದ ಊರುವರು. ಗಾಜಿನಲ್ಲಿ ಗುರುತಿಸಿದ್ದ ನಕ್ಷತ್ರಗಳು ಆಕಾಶದ ನಕ್ಷತ್ರಗಳ ಮೇಲೆ ಕೂಡುವಂತೆ ಗಾಜನ್ನು ಸರಿಸುವರು. ಆಮೇಲೆ ಮಂಗಳ ಕಂಡಲ್ಲಿ ಒಂದು ಕೆಂಪು ಚುಕ್ಕೆ.

"ಹಿಂದಿನವರು ಹಿಂಗ ಗುರುತು ಹಾಕಿ ಹಾಕಿನ ಗ್ರಹಗಳ ದಾರಿ ಹಿಡದ್ರು," ಎನ್ನುತ್ತಿದ್ದರು. "ಮುಂದ ಹೊಂಟ ಮಂಗಳ ನಿಲ್ತಾನ, ಆಮ್ಯಾಲ ಹಿಂದ ಬರ್ತಾನ. ಮಂದಿ ಹೆದರಿ, ವಕ್ರ ಅಂದ್ರು."

"ಖರೇನ ಹಿಂದ ಬರ್ತಾನೇನ್ರಿ?"

"ಎಲ್ಲೀದು! ಕುಣಿಯಲಾರದಾಕಿ ನೆಲ ಡೊಂಕು ಅಂದಂಗ. ಭೂಮೀನೂ ಓಡತೈತಿ ಅಂತ ಒಪ್ಪಾಕ ಭಾಳ ಕಾಲ ಹಿಡೀತು. ಬಸ್ಸಿನ್ಯಾಗ ಕುಂತು ಬಾಜೂ ಸೈಕಲ್ಲಿನಂವನ್ನ ನೋಡು. ಅಂವ ಮುಂದನ ತುಳಿಯಾಕತ್ತಿರ್ತಾನ. ನಾವು ದಾಟಿ ಹೋಗೂವಾಗ ಹಿಂದ ಸರದಂಗ ಕಾಣ್ತಾನ."

ಒಗ್ಗರಣೆ ಸೀಯುತ್ತದೆಂಬ ಅವಸರದಲ್ಲಿ ನಾನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದೆ.

ಕಾರ್ತಿಕ ಮಾಸದಲ್ಲಿ ಒಂದು ದಿನ ಚುಕ್ಕೆ ಇಟ್ಟು ಕೆಳಗಿಳಿದು ಬಂದವರು ನೀರು ಕೇಳಿದರು. ನಾನು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಕರ್ಮಗಳೆಲ್ಲ ಮುಗಿದ ಮೇಲೆ ನಾನೇ ಚುಕ್ಕೆ ಇಡತೊಡಗಿದೆ. ಮಂಗಳ ಮುಂದೆ ಹೋದ, ನಿಂತ, ತಿರುಗಿದ. ನನ್ನ ಚುಕ್ಕೆಗಳ ಪಕ್ಕದಲ್ಲೇ ಅವರ ಕೊನೆಯ ಚುಕ್ಕೆಯ ಕಡೆಗೆ ಬರತೊಡಗಿದ. ಅವನು ಸಮೀಪಿಸಿದಂತೆ ಮೆಟ್ಟಿಲಲ್ಲಿ ಅವರ ನಶ್ಯದ ವಾಸನೆ ಬರುತ್ತಿತ್ತು. ಒಂದು ಸಂಜೆ ಇಟ್ಟಿಗೆ ಬೆಚ್ಚಗಿತ್ತು, ಗದ್ದ ಊರುವ ಜಾಗದಲ್ಲಿ ಮಾತ್ರ. ಹೆದರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹೆದರಿಕೆಗಿಂತ, ಮಂಗಳ ಆ ಚುಕ್ಕೆ ಮುಟ್ಟಿದ ದಿನ ಅವರೂ ಬಂದಾರೆಂಬ ಆಸೆ ದೊಡ್ಡದಿತ್ತು.

ಹೊಸ ವರ್ಷಕ್ಕೆ ನಾಂಪಲ್ಲಿಯಲ್ಲಿ ನುಮಾಯಿಶ್ ಎಂಬ ದೊಡ್ಡ ವಸ್ತುಪ್ರದರ್ಶನ ಶುರುವಾದ ವಾರ ಮಣಿಕೊಂಡದಿಂದ ಮಗಳು ಚಿತ್ರಾ ನನ್ನನ್ನು ಕರೆದೊಯ್ಯಲು ಬಂದಳು. ಸಾಮಾನೆಲ್ಲ ಲಾರಿ ಏರಿ ಹೋಗಿತ್ತು.

"ಮಾಲಕರಿಗೆ ಇವತ್ತ ಕೀಲಿ ಕೊಡಬೇಕು, ನಡಿಯವ್ವಾ."

"ಇದೊಂದು ಸಂಜಿ ತಡಿ. ನಿಮ್ಮಪ್ಪ ಬರ್ತಾರ."

ಅವಳು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಅವರು ಬಂದರೆ ಮಣಿಕೊಂಡವೂ ಬೇಡ, ಮತ್ತೊಂದೂ ಬೇಡ, ಈ ಬರಿದಾದ ಮನೆಯಲ್ಲೇ ಇರುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದೆ. ಮನೆ ಬಾಗಿಲು ತೆರೆದಿಟ್ಟು, ಅವಳನ್ನು ಕಾರಿನ ಹತ್ತಿರ ಕಳಿಸಿ ತಾರಸಿ ಹತ್ತಿದೆ.

ಗಾಜು ಸರಿಸಿದೆ. ಮಂಗಳ ಅವರ ಕೊನೆಯ ಚುಕ್ಕೆಯ ಪಕ್ಕದಲ್ಲೇ ಇದ್ದ.

ಆಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಎಡಗಾಲು ಸ್ವಲ್ಪ ಎಳೆಯುವ ಅವರದೇ ನಡಿಗೆ. ಕೊನೆಯ ಮೆಟ್ಟಿಲಿಗೆ ಬಂದು ನಿಂತಿತು. ನಶ್ಯದ ವಾಸನೆ ಬೆನ್ನಿಗೆ ತಾಕುವಷ್ಟು ಹತ್ತಿರ.

"ಬಂದ್ರೇನ್ರಿ?" ಎಂದೆ. ತಿರುಗಲು ಧೈರ್ಯ ಬರಲಿಲ್ಲ.

ಉಸಿರು ಮಾತ್ರ ಕೇಳುತ್ತಿತ್ತು. ಚಪ್ಪಲಿ ಒಂದು ಹೆಜ್ಜೆಯನ್ನೂ ಇಡಲಿಲ್ಲ, ಆದರೂ ಆ ಉಸಿರು ದೂರವಾಗುತ್ತ ಹೋಯಿತು. ಅವರು ನಿಂತೇ ಇದ್ದರು. ಸರಿಯುತ್ತಿದ್ದವಳು ನಾನು. ಅರ್ಧ ಕಿವಿಯಲ್ಲಿ ಕೇಳಿದ್ದ ಮಾತು ಆಗ ಪೂರ್ತಿ ಕೇಳಿಸಿತು. ಅಲ್ಲೇ ಕೂತು ಅತ್ತೆ.

ಚುಕ್ಕೆ ಇಡಲಿಲ್ಲ. ಕೆಳಗಿಳಿದು ಬಾಗಿಲಿಗೆ ಬೀಗ ಹಾಕಿ ಕಾರಿನಲ್ಲಿ ಕೂತೆ.

ಮೇಲ್ಸೇತುವೆಯ ಮೇಲೆ ನನ್ನ ಕಿಟಕಿಯ ಪಕ್ಕಕ್ಕೆ ಒಂದು ಸೈಕಲ್ ಕಂಡಿತು. ಮಫ್ಲರ್ ಸುತ್ತಿದ ಮುದುಕರು, ಎಡಗಾಲು ಸ್ವಲ್ಪ ತಡವರಿಸುತ್ತಿತ್ತು. ಮುಂದಕ್ಕೇ ತುಳಿಯುತ್ತಿದ್ದರು, ಮುಂದಕ್ಕೇ ನೋಡುತ್ತಿದ್ದರು. ಆದರೂ ಒಂದೇ ಸಮನೆ ಹಿಂದೆ ಸರಿಯುತ್ತಿದ್ದರು.

"ಚಿತ್ರಾ," ಎಂದೆ, "ಸ್ವಲ್ಪ ಸಾವಕಾಶ ನಡಸವಾ."